ಸೂರ್ಯ ಇಲ್ದೆ ಮೂರು ದಿನ ಹೇಗಾಯ್ತು? ಒಬ್ಬ ತಾಯಿಯ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಸಹೋದರಿಯವರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಆಫೀಸಲ್ಲಿ ಎರಡು ಸಲ ಓದ್ದೆ, ಮನೆಗೆ ತಗೊಂಡು ಹೋಗಿ ರಾತ್ರಿ ಇನ್ನೊಂದು ಸಲ ಓದ್ದೆ. ಹೆಸರು, ಊರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆ ಓದುಗರಿಗೆ ವಿಷಯ ಗೊತ್ತಾಗ್ಬೇಕಲ್ಲ, ಅದಕ್ಕೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಈ ತಾಯಿಯ ಮಗ ಡಿಗ್ರಿ ಎರಡನೇ ವರ್ಷ, ಸಬ್ಜೆಕ್ಟ್ ಜಿಯಾಲಜಿ. ಕಾಲೇಜಿಂದ ಬೆಂಗಳೂರಿಗೆ ಟೂರ್ ಹೋದಾಗ ಲಾಲ್‌ಬಾಗ್ ಬಂಡೆ ತೋರ್ಸಿದಾರೆ, ಮೇಲೆ ಕೆಂಪೇಗೌಡರ ಗೋಪುರ ಇದ್ಯಲ್ಲ ಅದೇ ಬಂಡೆ, ಇದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಲೆಕ್ಚರರ್ ಹೇಳಿದಾರೆ. ಹುಡುಗ ಊರಿಗೆ ವಾಪಸ್ ಬಂದು ಆ ಭಾನುವಾರ ಯೂತ್ ಮೀಟಿಂಗಲ್ಲಿ ಎರಡು ಪ್ರಶ್ನೆ ಕೇಳಿದಾನೆ. ಬಂಡೆಗೇ ಅಷ್ಟು ವಯಸ್ಸಾಗಿದ್ರೆ ಲೋಕ ಆರು ಸಾವಿರ ವರ್ಷದ ಹಿಂದೆ ಆರು ದಿನದಲ್ಲಿ ಆಯ್ತು ಅನ್ನೋದು ಹೇಗೆ ಅನ್ನೋದು ಒಂದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಸೂರ್ಯ ಆಗಿದ್ದೇ ನಾಲ್ಕನೇ ದಿನ, ಹಾಗಿದ್ಮೇಲೆ ಮೊದಲ ಮೂರು ದಿನಕ್ಕೆ ಸಾಯಂಕಾಲ, ಪ್ರಾತಃಕಾಲ ಎಲ್ಲಿಂದ ಬಂತು ಅನ್ನೋದು ಎರಡನೇದು. ಅಲ್ಲಿದ್ದ ಹಿರಿಯರೊಬ್ರು ಎಲ್ಲರ ಮುಂದೇನೇ, ಇದು ಸೈತಾನ ಸರ್ಪವಾಗಿ ಬಂದು ಮೊದಲ ಹೆಂಗಸು ಹವ್ವಳಿಗೆ ಕೇಳಿದ ಪ್ರಶ್ನೆ ಥರದ್ದು, 24 ಗಂಟೆ ಲೆಕ್ಕದ ಆರು ದಿನ ಅಂತ ನಂಬದೋನು ಕ್ರೈಸ್ತನೇ ಅಲ್ಲ ಅಂದ್ಬಿಟ್ರು. ಅವತ್ತಿಂದ ಹುಡುಗ ಆರಾಧನೆಗೆ ಬರ್ತಿಲ್ಲ, ಐದು ತಿಂಗಳಾಯ್ತು. ಅವರು ಹೇಳಿದ್ದು ನಿಜಾನಾ ಅಂತ ನೀವು ನನ್ನ ಕೇಳಿದೀರ.

ನಿಜ ಅಲ್ಲಮ್ಮಾ. ಆ ಹಿರಿಯರ ಭಕ್ತಿ ಬಗ್ಗೆ ನಾನೇನೂ ಹೇಳ್ತಿಲ್ಲ, ಅವರು ಹೇಳಿದ ಆ ಮಾತು ಮಾತ್ರ ನಿಜ ಅಲ್ಲ. ಪ್ರತಿ ಭಾನುವಾರ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳ್ತೀವಲ್ಲ, ದೇವರು ಭೂಮಿಯನ್ನೂ ಪರಲೋಕವನ್ನೂ ಸೃಷ್ಟಿಸಿದ ತಂದೆ ಅಂತ ಅದರಲ್ಲಿ ಇದೆ, ಎಷ್ಟು ದಿನದಲ್ಲಿ ಅಂತ ಇಲ್ಲ. 325ರಲ್ಲಿ ನೈಸಿಯದಲ್ಲಿ ಬಿಷಪ್ಪರು ಸೇರಿ ಬರೆದ ಪ್ರಮಾಣದಲ್ಲೂ ಇಲ್ಲ. ಆರು ದಿನದ ಕಥೆ ಅವರಿಗೆ ಗೊತ್ತಿರ್ಲಿಲ್ವಾ, ಬಾಯಿಪಾಠ ಇತ್ತು, ಆದ್ರೂ ಯಾರು ಒಳಗೆ ಯಾರು ಹೊರಗೆ ಅಂತ ಗೆರೆ ಎಳೆಯೋಕೆ ಅವರು ಈ ವಿಷಯ ಬಳಸ್ಲಿಲ್ಲ. ಆಮೇಲೆ 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಪ್ಯೂರಿಟನ್ ದೈವಜ್ಞಾನಿಗಳು ತಮ್ಮ ವಿಶ್ವಾಸ ಪ್ರಕಟಣೆಯಲ್ಲಿ 'ಆರು ದಿನಗಳ ಅವಧಿಯಲ್ಲಿ' ಅಂತ ಸೇರ್ಸಿದ್ದು ಹೌದು. ಅದು ಒಂದು ಪಂಗಡದ ಪ್ರಕಟಣೆ, ಅದರ ಅರ್ಥ ಏನು ಅಂತ ಆ ಪಂಗಡದ ಒಳಗೇ ಇವತ್ತಿಗೂ ಚರ್ಚೆ ನಡೀತಿದೆ.

ಇನ್ನು ನಿಮ್ಮ ಮಗನ ಎರಡನೇ ಪ್ರಶ್ನೆನ ಮೊದ್ಲು ತಗೋತೀನಿ, ಯಾಕಂದ್ರೆ ಅದೇ ಹಳೇದು, ಅದೇ ಒಳ್ಳೇದು. ನಾನು ಚಿಕ್ಕೋನಿದ್ದಾಗ ನಮ್ಮ ಸಂಡೇ ಸ್ಕೂಲ್ ಟೀಚರ್ ಒಂದು ಫ್ಲಾನಲ್ ಬೋರ್ಡ್ ಮೇಲೆ ದಿನಕ್ಕೊಂದು ಚಿತ್ರ ಅಂಟಿಸ್ತಾ ಈ ಪಾಠ ಮಾಡ್ತಿದ್ರು, ಮೂರನೇ ದಿನ ಮರ ಅಂಟಿಸಿ ನಾಲ್ಕನೇ ದಿನ ಹಳದಿ ಸೂರ್ಯ ಅಂಟಿಸಿದಾಗ ನಾನೂ ಇದನ್ನೇ ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, ನಂಗೂ ಗೊತ್ತಿಲ್ಲ ಕಣೋ, ಪಾದ್ರಿ ಅಯ್ಯನವರನ್ನ ಕೇಳೋಣ ಅಂದ್ರು. ಕೇಳಿದ್ರು ಕೂಡ. ಅಯ್ಯನವರು ಏನು ಹೇಳಿದ್ರು ಅಂತ ನಂಗೆ ಈಗ ನೆನಪಿಲ್ಲ, ಟೀಚರ್ ನನ್ನ ಕೈ ಹಿಡ್ಕೊಂಡು ಅವರ ಹತ್ರ ಕರ್ಕೊಂಡು ಹೋಗಿದ್ದು ನೆನಪಿದೆ.

ಈ ಪ್ರಶ್ನೆ ಸೈತಾನನದ್ದಾಗಿದ್ರೆ ಸಭೆಯ ದೊಡ್ಡ ದೊಡ್ಡ ಪಿತೃಗಳೆಲ್ಲ, ಅಂದ್ರೆ ಮೊದಲ ಶತಮಾನಗಳ ಗುರುಗಳೆಲ್ಲ, ಸೈತಾನನ ಕಡೆಯವರಾಗ್ಬೇಕಾಗುತ್ತೆ. ಎರಡನೇ ಶತಮಾನದಲ್ಲಿ ಸೆಲ್ಸಸ್ ಅನ್ನೋ ಗ್ರೀಕ್ ವಿಚಾರವಾದಿ ಇದೇ ಮಾತು ಹಿಡ್ಕೊಂಡು ಕ್ರೈಸ್ತರನ್ನ ಗೇಲಿ ಮಾಡಿದ್ದ. ಅವನಿಗೆ ಉತ್ತರ ಬರೆದೋರು ಅಲೆಕ್ಸಾಂಡ್ರಿಯದ ಒರಿಗೆನ್. ಆದ್ರೆ ಒರಿಗೆನ್ ತಾವೇ ಅದಕ್ಕೂ ಮುಂಚೆ, ಸೂರ್ಯ ಚಂದ್ರ ನಕ್ಷತ್ರ ಇಲ್ದೆ ಮೊದಲನೇ, ಎರಡನೇ, ಮೂರನೇ ದಿನ ಅಂತ ಇತ್ತು ಅಂತ ಬುದ್ಧಿ ಇರೋ ಯಾರು ತಾನೇ ಭಾವಿಸ್ತಾರೆ, ಇಲ್ಲಿ ಒಳಗೊಂದು ಅರ್ಥ ಇದೆ, ಅದನ್ನ ಹುಡುಕ್ಬೇಕು ಅನ್ನೋ ಅರ್ಥದಲ್ಲಿ ಬರೆದಿದ್ರು. ಇದು ಸುಮಾರು 1800 ವರ್ಷದ ಹಿಂದಿನ ಮಾತು. ಅವಾಗ ಡಾರ್ವಿನ್ ಇಲ್ಲ, ಜಿಯಾಲಜಿ ಇಲ್ಲ, ಟೆಲಿಸ್ಕೋಪ್ ಇಲ್ಲ. ವಿಜ್ಞಾನ ಬಂದ್ಮೇಲೆ ಹೆದರಿಕೊಂಡು ಕ್ರೈಸ್ತರು ಅರ್ಥ ಬದಲಾಯ್ಸಿದ್ರು ಅಂತ ಎರಡೂ ಕಡೆಯವರು ಹೇಳ್ತಾರಲ್ಲ, ಅದು ಅದಕ್ಕೇ ನಿಲ್ಲಲ್ಲ.

ಹಾಗಂತ ಆರು ದಿನನ ಅಕ್ಷರಶಃ ತಗೊಂಡೋರು ಕಮ್ಮಿ ಜನ ಅಂದ್ಕೋಬೇಡಿ. ನಾಲ್ಕನೇ ಶತಮಾನದಲ್ಲಿ ಕೈಸರೇಯದ ಬಿಷಪ್ ಬಾಸಿಲ್ (ಈಗಿನ ಟರ್ಕಿ ದೇಶದ ಕಡೆ) ಆರು ದಿನದ ಬಗ್ಗೆ ಒಂಬತ್ತು ಪ್ರಸಂಗ ಕೊಟ್ರು, ಕೇಳೋಕೆ ಬಂದಿದ್ದವರಲ್ಲಿ ಕೈಕೆಲಸ ಮಾಡಿ ಅವತ್ತವತ್ತಿನ ಊಟ ದುಡಿಯೋರು ತುಂಬಾ ಇದ್ರು, ಅವರಿಗೆ ಕೆಲಸಕ್ಕೆ ತಡ ಆಗ್ಬಾರ್ದು ಅಂತ ಪ್ರಸಂಗನ ಎಳೀದೆ ಮುಗಿಸ್ತೀನಿ ಅಂತಿದ್ರು. ಹುಲ್ಲು ಅಂದ್ರೆ ಹುಲ್ಲೇ, ಮೀನು ಅಂದ್ರೆ ಮೀನೇ ಅನ್ನೋರು ಅವರು. ಆದ್ರೆ ಅವರೂ ಸೂರ್ಯನ ಪ್ರಶ್ನೆನ ತಳ್ಳಿಹಾಕ್ಲಿಲ್ಲ. ಮೊದಲ ಮೂರು ದಿನ ಹಗಲು ಆಗಿದ್ದು ಸೂರ್ಯನ ಚಲನೆಯಿಂದ ಅಲ್ಲ, ದೇವರು ಆ ಮೊದಲ ಬೆಳಕನ್ನ ಹರಡ್ತಾ, ಹಿಂದಕ್ಕೆ ತಗೋತಾ ಇದ್ದಿದ್ರಿಂದ ಅಂತ ಉತ್ತರ ಕೊಟ್ರು. ಇನ್ನೊಂದು ಸೂಕ್ಷ್ಮ ಅವರು ಗಮನಿಸಿದ್ರು, ನಮ್ಮ ಕನ್ನಡ ಸತ್ಯವೇದದಲ್ಲಿ 'ಮೊದಲನೆಯ ದಿನವಾಯಿತು' ಅಂತ ಇದ್ಯಲ್ಲ, ಮೂಲ ಇಬ್ರಿಯ ಭಾಷೆಯಲ್ಲೂ ಬಾಸಿಲ್ ಓದ್ತಿದ್ದ ಗ್ರೀಕ್ ಅನುವಾದದಲ್ಲೂ ಅಲ್ಲಿ 'ಮೊದಲನೇ ದಿನ' ಅಂತ ಇಲ್ಲ, 'ಒಂದು ದಿನ' ಅಂತ ಇದೆ. ಅದರ ಮೇಲೇ ಅವರು ಎಷ್ಟು ಹೊತ್ತು ಮಾತಾಡಿದಾರೆ ಗೊತ್ತಾ.

ಈ ದಿನ ಅನ್ನೋ ಪದಕ್ಕೆ ಇಬ್ರಿಯದಲ್ಲಿ ಯೋಮ್ ಅಂತಾರೆ. ಆದಿಕಾಂಡ 1:5 ತೆಗೆದು ನೋಡಿ. ಬೆಳಕಿಗೆ ಹಗಲು ಅಂತ ಹೆಸರಿಟ್ರು ಅನ್ನೋ ಕಡೆ ಆ ಹಗಲೂ ಯೋಮ್, ಅಂದ್ರೆ ಬೆಳಕಿರೋ ಹೊತ್ತು ಮಾತ್ರ. ಅದೇ ವಾಕ್ಯದ ಕೊನೇಲಿ ಸಾಯಂಕಾಲವೂ ಪ್ರಾತಃಕಾಲವೂ ಸೇರಿ ಆದ ದಿನಾನೂ ಯೋಮ್. ಎರಡನೇ ಅಧ್ಯಾಯದ 4ನೇ ವಾಕ್ಯಕ್ಕೆ ಬಂದ್ರೆ ಭೂಮಿ ಆಕಾಶ ಎಲ್ಲಾ ಉಂಟುಮಾಡಿದ ಇಡೀ ಕಾಲಕ್ಕೂ ಮೂಲದಲ್ಲಿ ಒಂದೇ ಯೋಮ್. ಒಂದು ಪುಟದ ಒಳಗೆ ಮೂರು ಅಳತೆ. ಆದ್ರೂ 24 ಗಂಟೆ ಅನ್ನೋರ ವಾದನೂ ಸುಮ್ನೆ ಅಲ್ಲ, ಸಂಖ್ಯೆ ಹಾಕಿ, ಸಾಯಂಕಾಲ ಪ್ರಾತಃಕಾಲ ಅಂತ ಬೇರೆ ಸೇರಿಸಿ ಹೇಳಿದ್ಮೇಲೆ ಅದು ಮಾಮೂಲಿ ದಿನಾನೇ ಅಲ್ವಾ ಅಂತಾರೆ, ಮೇಲಾಗಿ ವಿಮೋಚನಕಾಂಡ 20:11ರಲ್ಲಿ ಆರು ದಿನ ಕೆಲಸ ಒಂದು ದಿನ ರೆಸ್ಟ್ ಅನ್ನೋ ಆಜ್ಞೆಗೆ ಇದನ್ನೇ ಆಧಾರ ಕೊಟ್ಟಿದೆ ಅಂತಾರೆ. ಇದು ಗಟ್ಟಿ ವಾದ. ನಿಮ್ಮ ಮಗನಿಗೂ ಇದನ್ನ ಹೇಳಿ, ಅವನು ಎರಡೂ ಕಡೆ ಕೇಳ್ಬೇಕು.

ಈಗ ನಾನು ನಿಮಗೆ ಮುಖ್ಯವಾಗಿ ಹೇಳ್ಬೇಕಾಗಿರೋದು ಆ ಪಿತೃಗಳಲ್ಲೇ ತುಂಬಾ ದೊಡ್ಡವರಾದ ಅಗಸ್ಟೀನ್ ಬಗ್ಗೆ. ನೀವು ಪತ್ರದಲ್ಲಿ, ರಾತ್ರಿ ಮಗನ ರೂಮಿನ ಬಾಗಿಲ ಹೊರಗೆ ಕೂತು ಪ್ರಾರ್ಥನೆ ಮಾಡ್ತೀನಿ ಅಂತ ಬರೆದಿದ್ರಿ, ಅದನ್ನ ಓದಿದಾಗ ನಂಗೆ ತಕ್ಷಣ ನೆನಪಾಗಿದ್ದು ಅವರ ತಾಯಿ ಮೋನಿಕಾ. ಅಗಸ್ಟೀನ್ ಉತ್ತರ ಆಫ್ರಿಕಾದ ಹುಡುಗ, ಭಾರಿ ಬುದ್ಧಿವಂತ, 19ರ ವಯಸ್ಸಿನ ಸುಮಾರಿಗೆ ಬೈಬಲ್ ಓದಿ ಇದೇನಿದು ಇಷ್ಟು ಒರಟಾಗಿದೆ ಅಂತ ಬಿಟ್ಟುಹೋದ. ಮಾನಿ ಪಂಥ ಅಂತ ಒಂದಿತ್ತು, ಅವರು ಆದಿಕಾಂಡನ ಆಡ್ಕೊಳ್ತಿದ್ರು, ದೇವರಿಗೆ ಕೂದಲು ಉಗುರು ಇದ್ಯಾ ಅಂತೆಲ್ಲ ಕೇಳ್ತಿದ್ರು, ಅವರ ಜೊತೆ ಒಂಬತ್ತು ವರ್ಷ ಇದ್ದ. ಮೋನಿಕಾ ಒಬ್ಬ ಬಿಷಪ್ ಹತ್ರ ಹೋಗಿ, ನನ್ನ ಮಗನ ಜೊತೆ ಮಾತಾಡಿ, ವಾದ ಮಾಡಿ ಅವನ ತಪ್ಪು ತೋರ್ಸಿ ಅಂತ ಅತ್ತುಕೊಂಡು ಕೇಳಿದ್ರು. ಆ ಬಿಷಪ್ ಒಪ್ಲಿಲ್ಲ. ಅವನನ್ನ ಸದ್ಯಕ್ಕೆ ಹಾಗೇ ಬಿಡಮ್ಮಾ, ಅವನಿಗೋಸ್ಕರ ಪ್ರಾರ್ಥನೆ ಮಾತ್ರ ಮಾಡು, ಓದ್ತಾ ಓದ್ತಾ ಅವನಿಗೇ ಗೊತ್ತಾಗುತ್ತೆ ಅಂದ್ರು. ಕೊನೆಗೆ ಇಟಲಿಯ ಮಿಲಾನಿನಲ್ಲಿ ಅಲ್ಲಿನ ಬಿಷಪ್ ಆಂಬ್ರೋಸ್ ಅವರ ಪ್ರಸಂಗ ಕೇಳಿದಾಗ, ಓಹೋ ಈ ಹಳೇ ಒಡಂಬಡಿಕೆನ ಹೀಗೂ ಓದ್ಬಹುದಾ ಅಂತ ಅಗಸ್ಟೀನ್‌ಗೆ ಕಣ್ಣು ತೆರೀತು, 387ರ ಈಸ್ಟರಿಗೆ ದೀಕ್ಷಾಸ್ನಾನ ಆಯ್ತು. ಅವರನ್ನ ವಾಪಸ್ ಕರ್ಕೊಂಡು ಬಂದಿದ್ರಲ್ಲಿ ಈ ಓದೋ ರೀತಿಗೂ ದೊಡ್ಡ ಪಾಲಿದೆ. ಆ ಜಾಗದಲ್ಲಿ ಯಾರಾದ್ರೂ 24 ಗಂಟೆ ಒಪ್ತೀಯೋ ಇಲ್ವೋ ಅಂತ ನಿಂತಿದ್ರೆ ಏನಾಗ್ತಿತ್ತು ಅಂತ ಯೋಚಿಸಿದ್ರೆ ನಂಗೆ ಭಯ ಆಗುತ್ತೆ.

ಆಮೇಲೆ ಅದೇ ಅಗಸ್ಟೀನ್ ಆದಿಕಾಂಡದ ಮೊದಲ ಅಧ್ಯಾಯನ ಜೀವಮಾನ ಇಡೀ ಬಿಡ್ಲಿಲ್ಲ. ಐದು ಸಲ ಅದರ ವಿವರಣೆಗೆ ಕೈ ಹಾಕಿದ್ರು. ಒಂದನ್ನ ಅರ್ಧಕ್ಕೇ ನಿಲ್ಲಿಸಿದ್ರು, ತೃಪ್ತಿ ಆಗ್ಲಿಲ್ಲ. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಆದ್ಮೇಲೆ 401ರಿಂದ 415ರವರೆಗೆ ಹತ್ತಿರ ಹತ್ತಿರ 15 ವರ್ಷ ಕೂತು ದೊಡ್ಡದಾಗಿ ಬರೆದ್ರು. ಅಷ್ಟಾದ್ಮೇಲೆ ಅವರು ಬಂದು ನಿಂತಿದ್ದು ಎಲ್ಲಿ ಅಂದ್ರೆ, ದೇವರು ಎಲ್ಲವನ್ನೂ ಒಂದೇ ಸಲಕ್ಕೆ ಉಂಟುಮಾಡಿದ್ರು, ಮುಂದೆ ಮೊಳೆಯೋ ಬೀಜದ ಥರ ಎಷ್ಟೋ ವಿಷಯನ ಸೃಷ್ಟಿ ಒಳಗೇ ಇಟ್ಟಿದ್ರು, ಆ ಆರು ದಿನ ಗಡಿಯಾರದ ದಿನ ಅಲ್ಲ, ದೇವದೂತರು ಸೃಷ್ಟಿನ ಅರಿತುಕೊಂಡ ಕ್ರಮ, ವಸ್ತುವನ್ನ ವಸ್ತುವಾಗಿ ನೋಡೋದು ಸಾಯಂಕಾಲದ ಅರಿವು, ಅದನ್ನ ದೇವರಲ್ಲಿ ನೋಡೋದು ಪ್ರಾತಃಕಾಲದ ಅರಿವು. ನಂಗೆ ಇದು ಪೂರ್ತಿ ಒಪ್ಪಿಗೆ ಆಗಲ್ಲ, ದೇವದೂತರ ವಿಷಯ ಆ ಅಧ್ಯಾಯದಲ್ಲಿ ಎಲ್ಲೂ ಬರೋದೇ ಇಲ್ಲ. ಆದ್ರೆ ಮಜಾ ನೋಡಿ, ಇವತ್ತು 24 ಗಂಟೆ ಬೇಡ ಅನ್ನೋರು ಆರು ದಿನ ಸಾಕಾಗಲ್ಲ ಅಂತಾರೆ, ಅಗಸ್ಟೀನ್‌ಗೆ ಆರು ದಿನ ಜಾಸ್ತಿ ಆಗಿತ್ತು! ಈ ದಿನಗಳು ಎಂಥವು ಅಂತ ಊಹಿಸೋದು ನಮಗೆ ತುಂಬಾ ಕಷ್ಟ, ಬಹುಶಃ ಸಾಧ್ಯವೇ ಇಲ್ಲ ಅಂತಾನೂ ಅವರು ಬರೆದಿದಾರೆ. ಇನ್ನೊಂದು ಎಚ್ಚರಿಕೆ ಕೊಟ್ಟಿದಾರೆ, ಅದನ್ನ ನಮ್ಮ ಎಲ್ಲಾ ಯೂತ್ ಲೀಡರ್ಸ್ ಓದ್ಬೇಕು. ಭೂಮಿ, ಆಕಾಶ, ಗಿಡ, ಕಲ್ಲು ಇವುಗಳ ಬಗ್ಗೆ ನಂಬಿಕೆ ಇಲ್ಲದೋನಿಗೂ ಅನುಭವದಿಂದ ಸರಿಯಾಗಿ ಗೊತ್ತಿರೋ ವಿಷಯ ಇರುತ್ತೆ, ಅಂಥೋನ ಮುಂದೆ ಕ್ರೈಸ್ತನೊಬ್ಬ ಸತ್ಯವೇದದ ಹೆಸರಲ್ಲಿ ತಪ್ಪು ತಪ್ಪು ಮಾತಾಡಿದ್ರೆ, ಅವನು ನಮ್ಮ ಪುಸ್ತಕ ಪುನರುತ್ಥಾನದ ಬಗ್ಗೆ, ನಿತ್ಯಜೀವದ ಬಗ್ಗೆ ಹೇಳೋದನ್ನ ಯಾಕೆ ನಂಬ್ತಾನೆ ಅಂತ. ಕಲ್ಲಿನ ಹೆಸರು ಬಂತು ನೋಡಿ, ಲಾಲ್‌ಬಾಗ್ ಬಂಡೆ ನೆನಪಾಯ್ತು.

ಆ ಬಂಡೆಯ ವಯಸ್ಸಿನ ವಿಷಯಕ್ಕೇ ಬರ್ತೀನಿ. ಆರು ಸಾವಿರ ವರ್ಷ ಅನ್ನೋ ಲೆಕ್ಕ ಬೈಬಲ್‌ನ ಯಾವ ವಾಕ್ಯದಲ್ಲೂ ಇಲ್ಲ. ವಂಶಾವಳಿಗಳನ್ನ ಕೂಡಿಸಿ ತುಂಬಾ ಜನ ಆ ಸುಮಾರಿನ ಲೆಕ್ಕಕ್ಕೆ ಬಂದಿದ್ರು, ಅದರಲ್ಲಿ ಹೆಸರಾಗಿದ್ದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಕೊಟ್ಟಿದ್ದು. ಕ್ರಿ.ಪೂ. 4004, ಅಕ್ಟೋಬರ್ 23ರ ಹಿಂದಿನ ಸಂಜೆ. ಅವರನ್ನ ಹಗುರವಾಗಿ ನೋಡ್ಬೇಡಿ, ಬ್ಯಾಬಿಲೋನ್, ಪರ್ಶಿಯ, ಗ್ರೀಸ್, ರೋಮ್ ಎಲ್ಲಾ ಕಡೆಯ ಇತಿಹಾಸ ಅವರ ಕಾಲಕ್ಕೆ ಸಿಗೋಷ್ಟು ಹುಡುಕಿ ತಾಳೆ ಹಾಕಿದ ಮನುಷ್ಯ. ತೊಂದರೆ ಆಗಿದ್ದು 1701ರಿಂದ ಇಂಗ್ಲಿಷ್ ಬೈಬಲ್‌ಗಳ ಅಂಚಲ್ಲಿ ಆ ಇಸವಿ ಪ್ರಿಂಟ್ ಆಗೋಕೆ ಶುರುವಾದ್ಮೇಲೆ. ಅಂಚಲ್ಲಿ ಇದ್ದಿದ್ದನ್ನ ಜನ ವಾಕ್ಯದ ಜೊತೆಗೇ ಓದ್ತಾ ಬಂದ್ರು.

ಲೂಥರ್ ಅಗಸ್ಟೀನ್‌ರನ್ನ ಈ ವಿಷಯದಲ್ಲಿ ಒಪ್ಲಿಲ್ಲ (ಲೂಥರ್, ಕ್ಯಾಲ್ವಿನ್ ಇಬ್ರೂ 16ನೇ ಶತಮಾನದ ಸಭೆ ಸುಧಾರಕರು), ಆದಿಕಾಂಡದಲ್ಲಿ ಮೋಶೆ ದಿನ ಅಂತ ಹೇಳಿದ್ರೆ ಅದು ದಿನಾನೇ, ಅರ್ಥ ಆಗ್ಲಿಲ್ಲ ಅಂದ್ರೆ ನಾವು ವಿದ್ಯಾರ್ಥಿಗಳಾಗೇ ಇರೋಣ, ಗುರುವಿನ ಜಾಗ ಪವಿತ್ರಾತ್ಮನಿಗೆ ಬಿಡೋಣ ಅಂದ್ರು. ಕ್ಯಾಲ್ವಿನ್ ಕೂಡ ಆರು ದಿನಾನೇ ಅಂದೋರು. ಆದ್ರೆ 1554ರ ತಮ್ಮ ವಿವರಣೆಯಲ್ಲಿ, ಖಗೋಳಶಾಸ್ತ್ರ ಕಲೀಬೇಕು ಅನ್ನೋನು ಬೇರೆ ಕಡೆ ಹೋಗ್ಲಿ, ಮೋಶೆ ಬರೆದಿದ್ದು ಓದು ಬರಹ ಇಲ್ಲದ ಸಾಮಾನ್ಯರ ಕಣ್ಣಿಗೆ ಕಾಣೋ ಹಾಗೆ ಅಂತ ಬಿಡಿಸಿ ಹೇಳಿದ್ರು. ಚಂದ್ರನನ್ನ ದೊಡ್ಡ ಬೆಳಕುಗಳಲ್ಲಿ ಒಂದು ಅಂತ ಅಲ್ಲಿ ಹೇಳಿದೆ, ಶನಿಗ್ರಹ ಚಂದ್ರನಿಗಿಂತ ದೊಡ್ಡದು ಅಂತ ಜ್ಯೋತಿರ್ವಿಜ್ಞಾನಿಗಳು ತೋರ್ಸಿದಾರೆ, ಎರಡಕ್ಕೂ ಜಗಳ ಇಲ್ಲ ಅಂತ.

ಜಿಯಾಲಜಿ ಓದೋ ಹುಡುಗನಿಗೆ ಹ್ಯೂ ಮಿಲ್ಲರ್ ಕಥೆ ಹೇಳಿ. ಸ್ಕಾಟ್ಲೆಂಡಿನ ಕ್ರೊಮಾರ್ಟಿ ಊರಿನ ಕಲ್ಲುಕುಟಿಗ, ಕೆಂಪು ಮರಳುಗಲ್ಲು ಒಡೆಯುವಾಗ ಸಿಕ್ಕ ಮೀನಿನ ಪಳೆಯುಳಿಕೆ ನೋಡಿ ನೋಡಿನೇ ದೊಡ್ಡ ಭೂವಿಜ್ಞಾನಿ ಆದೋರು, ಗಟ್ಟಿ ವಿಶ್ವಾಸಿ, ಎಡಿನ್‌ಬರೋದಲ್ಲಿ ಸಭೆಯ ಪರವಾದ ಪತ್ರಿಕೆಗೆ ಸಂಪಾದಕರೂ ಆಗಿದ್ರು. ಒಂದೊಂದು ದಿನ ಅಂದ್ರೆ ಒಂದೊಂದು ಮಹಾಯುಗ ಅನ್ನೋದು ಅವರ ಅಭಿಪ್ರಾಯ. ನಮ್ಮಲ್ಲಿ 2 ಪೇತ್ರ 3:8 ತೋರ್ಸಿ ಒಂದು ದಿನ ಸಾವಿರ ವರ್ಷ ಅನ್ನೋರೂ ಇದೇ ದಾರಿಯೋರು. ಆದ್ರೆ ಪೇತ್ರ ಅಲ್ಲಿ ಹೇಳ್ತಿರೋದು ದೇವರ ತಾಳ್ಮೆ ಬಗ್ಗೆ, ಅದು ಲೆಕ್ಕದ ಸೂತ್ರ ಅಲ್ಲ. ಮೇಲಾಗಿ ಯುಗ ಅಂದ್ರೂ ಕ್ರಮ ಕೂಡಲ್ಲ, ಆದಿಕಾಂಡದಲ್ಲಿ ಹಕ್ಕಿ ಐದನೇ ದಿನ, ನೆಲದ ಪ್ರಾಣಿ ಆರನೇ ದಿನ, ಕಲ್ಲಿನ ಪದರದಲ್ಲಿ ಅದು ಉಲ್ಟಾ. ಮೊದಲ ವಾಕ್ಯಕ್ಕೂ ಎರಡನೇದಕ್ಕೂ ಮಧ್ಯೆ ಕೋಟ್ಯಂತರ ವರ್ಷದ ಗ್ಯಾಪ್ ಇದೆ ಅನ್ನೋರೂ ಇದ್ರು, 1909ರ ಸ್ಕೋಫೀಲ್ಡ್ ಬೈಬಲ್ ಟಿಪ್ಪಣಿಯಿಂದ ಅದು ತುಂಬಾ ಹಬ್ಬಿತ್ತು. ಅದೇ 1909ರಲ್ಲಿ ರೋಮಿನ ಕ್ಯಾಥೊಲಿಕ್ ಸಭೆಯ ಬೈಬಲ್ ಆಯೋಗ, ಯೋಮ್ ಅನ್ನೋದನ್ನ ಮಾಮೂಲಿ ದಿನ ಅಂತನಾದ್ರೂ ತಗೊಳ್ಳಿ, ಒಂದು ಅವಧಿ ಅಂತನಾದ್ರೂ ತಗೊಳ್ಳಿ, ಚರ್ಚೆ ಮಾಡೋಕೆ ಅಡ್ಡಿ ಇಲ್ಲ ಅಂತು. 1925ರಲ್ಲಿ ಅಮೆರಿಕದ ಡೇಟನ್ ಊರಲ್ಲಿ ವಿಕಾಸವಾದ ಪಾಠ ಮಾಡಿದ ಮೇಷ್ಟ್ರ ಮೇಲೆ ಕೇಸ್ ನಡೀತಲ್ಲ, ಅಲ್ಲಿ ಬೈಬಲ್ ಪರ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರೇ ಆ ದಿನಗಳು 24 ಗಂಟೆಯವು ಅಂತ ನಾನು ಹೇಳಲ್ಲ ಅಂದಿದ್ರು. 24 ಗಂಟೆ, ಆರು ಸಾವಿರ ವರ್ಷ ಎರಡೂ ಸೇರಿ ಇವಾಂಜೆಲಿಕಲ್ ಸಭೆಗಳಲ್ಲಿ ದೊಡ್ಡ ಚಳುವಳಿ ಆಗಿದ್ದು 1961ರಲ್ಲಿ ಅಮೆರಿಕದ ಇಬ್ಬರು, ವಿಟ್‌ಕಾಂಬ್ ಮತ್ತು ಮಾರಿಸ್, ಜಲಪ್ರಳಯದ ಬಗ್ಗೆ ಪುಸ್ತಕ ಬರೆದಮೇಲೆ. ಹಿರಿಯರು ಅನಾದಿಯಿಂದ ಎಲ್ಲರೂ ನಂಬಿದ್ದು ಅಂದ್ಕೊಂಡಿರೋ ಈ ರೂಪ, ಅದರಲ್ಲೂ ವಿಜ್ಞಾನದ ಭಾಷೆಯಲ್ಲಿ ಬರೋದು, ಅಷ್ಟೇನೂ ಹಳೇದಲ್ಲ.

(ಬ್ರಹ್ಮನ ಒಂದು ಹಗಲು ಅಂದ್ರೆ 432 ಕೋಟಿ ವರ್ಷ, ಅದನ್ನ ಇದಕ್ಕೆ ಜೋಡಿಸ್ಬಹುದಾ ಅಂತ ಆಗಾಗ ಓದುಗರು ಕೇಳ್ತಿರ್ತಾರೆ. ಬೇಡ. ಆ ಲೆಕ್ಕ ಬೇರೆ ನಂಬಿಕೆಯ ಬೇರೆ ಕಾಲಚಕ್ರದ್ದು, ಅದಕ್ಕೂ ಮರ್ಯಾದೆ ಅಲ್ಲ ಇದಕ್ಕೂ ಅಲ್ಲ.)

ನನ್ನ ಸ್ವಂತ ಅಭಿಪ್ರಾಯ ಏನು ಅಂತ ಕೇಳಿದೀರ, ತಪ್ಪಿಸ್ಕೊಳ್ಳಲ್ಲ. 1:2ರಲ್ಲಿ ಭೂಮಿ 'ಕ್ರಮವಿಲ್ಲದೆಯೂ ಬರಿದಾಗಿಯೂ' ಇತ್ತು ಅಂತ ಇದೆ. ಕ್ರಮ ಇಲ್ಲ, ಬರಿದು, ಎರಡು ಕೊರತೆ. ಮುಂದೆ ಮೊದಲ ಮೂರು ದಿನ ನೋಡಿ, ಬೆಳಕು ಕತ್ತಲೆ ಬೇರೆ ಆಗುತ್ತೆ, ಮೇಲಿನ ನೀರು ಕೆಳಗಿನ ನೀರು ಬೇರೆ ಆಗುತ್ತೆ, ಸಮುದ್ರ ಒಣನೆಲ ಬೇರೆ ಆಗುತ್ತೆ, ಕ್ರಮ ಬಂತು. ಆಮೇಲಿನ ಮೂರು ದಿನ ಅದೇ ಜಾಗಗಳು ಅದೇ ವರಸೆಯಲ್ಲಿ ತುಂಬುತ್ತೆ. ಒಂದನೇ ದಿನದ ಹಗಲಿಗೂ ಇರುಳಿಗೂ ನಾಲ್ಕನೇ ದಿನ ಸೂರ್ಯ ಚಂದ್ರ, ಎರಡನೇ ದಿನದ ಆಕಾಶಕ್ಕೂ ನೀರಿಗೂ ಐದನೇ ದಿನ ಹಕ್ಕಿ ಮೀನು, ಮೂರನೇ ದಿನದ ನೆಲಕ್ಕೆ ಆರನೇ ದಿನ ಪ್ರಾಣಿ, ಮನುಷ್ಯ. ಮನೆ ಕಟ್ಟಿ ಆಮೇಲೆ ಸಂಸಾರ ಹೂಡ್ಸಿದ ಹಾಗೆ. ಇದು ನಾನು ಕಂಡುಹಿಡಿದಿದ್ದಲ್ಲ, ಡಚ್ ಪಂಡಿತ ನೋರ್ಡ್ಸೈ 1924ರಲ್ಲಿ, ಅಮೆರಿಕದ ಮೆರೆಡಿತ್ ಕ್ಲೈನ್ 1958ರಲ್ಲಿ ಈ ಚೌಕಟ್ಟನ್ನ ವಿವರವಾಗಿ ತೋರ್ಸಿದ್ರು. ಹೀಗೆ ಓದಿದ್ರೆ ಸೂರ್ಯ ನಾಲ್ಕನೇ ದಿನ ಬರೋದು ತಪ್ಪಾಗಿ ಕಾಣಲ್ಲ, ಅವನ ಜಾಗನೇ ಅದು. ನಿಮ್ಮ ಮಗ ಬೆರಳಿಟ್ಟು ತೋರ್ಸಿದ ಕಡೆನೇ ಈ ಅಧ್ಯಾಯದ ಕೀಲಿ ಇದೆ ಅಂತ ನಂಗೆ ಅನ್ಸುತ್ತೆ, ಅದನ್ನ ಅವನಿಗೆ ಹೇಳಿ, ಅವನು ಸರಿಯಾದ ಕಡೆ ನೋಡಿದಾನೆ.

ಇನ್ನೊಂದೂ ಇದೆ. ಅಲ್ಲಿ ಸೂರ್ಯ ಅನ್ನೋ ಹೆಸರೇ ಇಲ್ಲ, ಚಂದ್ರ ಅನ್ನೋದೂ ಇಲ್ಲ. 'ದೊಡ್ಡ ಬೆಳಕು', 'ಚಿಕ್ಕ ಬೆಳಕು' ಅಷ್ಟೇ. ಇಬ್ರಿಯದಲ್ಲಿ ಸೂರ್ಯನಿಗೆ ಶೆಮೆಷ್ ಅಂತಾರೆ, ಬ್ಯಾಬಿಲೋನಿನ ಸೂರ್ಯದೇವರ ಹೆಸರು ಶಮಾಶ್. ಸುತ್ತಮುತ್ತಲ ಸಾಮ್ರಾಜ್ಯಗಳೆಲ್ಲ ಸೂರ್ಯನಿಗೂ ಚಂದ್ರನಿಗೂ ದೇವಸ್ಥಾನ ಕಟ್ಟಿ ಅವುಗಳಿಗೆ ಹೆದರ್ಕೊಂಡು ಬದುಕ್ತಿದ್ದ ಕಾಲದಲ್ಲಿ, ದೇಶ ಕಳ್ಕೊಂಡು ಬ್ಯಾಬಿಲೋನಿಗೆ ಸೆರೆ ಹೋದ ಇಸ್ರಾಯೇಲ್ ಜನ ಈ ಅಧ್ಯಾಯ ಕೇಳಿಸ್ಕೊಳ್ತಾ ಕೂತಿರೋದನ್ನ ಯೋಚಿಸಿ, ನಮ್ಮನ್ನ ಗೆದ್ದೋರು ಪೂಜೆ ಮಾಡೋದು ನಮ್ಮ ದೇವರು ನಾಲ್ಕನೇ ದಿನ ಹಚ್ಚಿಟ್ಟ ದೀಪನ, ಅದು ಇರೋದು ಹಬ್ಬ ಹುಣ್ಣಿಮೆ ಲೆಕ್ಕ ಇಡೋಕೆ ಅಂತ! ಎಷ್ಟು ಗಂಟೆ ಅನ್ನೋ ಜಗಳದಲ್ಲಿ ನಾವು ಈ ಮಾತನ್ನ ಮಕ್ಕಳಿಗೆ ಹೇಳೋದೇ ಬಿಟ್ಟಿದೀವಿ, ಅದು ನಂಗೆ ನಿಜವಾಗ್ಲೂ ನೋವಾಗುತ್ತೆ.

ಆ ಹಿರಿಯರ ಮೇಲೆ ಕೋಪ ಇಟ್ಕೋಬೇಡಿ. ಅವರ ಭಯ ನಂಗೆ ಅರ್ಥ ಆಗುತ್ತೆ, ಇಲ್ಲಿ ಒಂದು ಇಟ್ಟಿಗೆ ತೆಗೆದ್ರೆ ನಾಳೆ ಪುನರುತ್ಥಾನನೂ ಬೀಳುತ್ತೆ ಅಂತ. ಅವರ ಹತ್ರ ಹೋಗಿ ಶಾಂತವಾಗಿ ಕೇಳಿ, ಅಗಸ್ಟೀನ್ ಆರು ದಿನನ ಅಕ್ಷರಶಃ ತಗೊಳ್ಲಿಲ್ಲ, ಅವರೇನು ಪುನರುತ್ಥಾನ ಬಿಟ್ರಾ? ಪೌಲ 1 ಕೊರಿಂಥ 15ರಲ್ಲಿ ಪುನರುತ್ಥಾನದ ಬಗ್ಗೆ ಬರೆಯುವಾಗ ಸಾಕ್ಷಿಗಳ ಪಟ್ಟಿ ಕೊಡ್ತಾರೆ, ಐನೂರಕ್ಕೂ ಹೆಚ್ಚು ಸಹೋದರರು ಕಂಡ್ರು, ಅವರಲ್ಲಿ ಬಹಳ ಜನ ಇನ್ನೂ ಬದುಕಿದಾರೆ ಅಂತಾರೆ, ಅದು ಕಂಡೋರ ಸಾಕ್ಷಿ. ಲೋಕ ಉಂಟಾಗುವಾಗ ನಿಂತು ನೋಡಿದ ಮನುಷ್ಯ ಯಾರೂ ಇಲ್ಲ, ಯೋಬನಿಗೆ ದೇವರು ಕೇಳಿದ್ದೂ ಅದನ್ನೇ, ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಅಂತ.

ಮಗನನ್ನ ಚರ್ಚಿಗೆ ಬಾ ಅಂತ ದಿನಾ ಒತ್ತಾಯ ಮಾಡ್ಬೇಡಿ. ಒಂದು ಸಂಜೆ ಊಟ ಆದ್ಮೇಲೆ ಅವನ ಕೈಲೇ ಈ ಭಾಗನ ಜೋರಾಗಿ ಓದ್ಸಿ, ನೀವು ಕೇಳಿಸ್ಕೊಳ್ಳಿ, ವಿವರಣೆ ಏನೂ ಕೊಡ್ಬೇಡಿ. ಆದ್ರೆ ಒಂದನೇ ಅಧ್ಯಾಯ ಮುಗೀತು ಅಂತ 31ನೇ ವಾಕ್ಯಕ್ಕೆ ನಿಲ್ಲಿಸ್ಬೇಡಿ. ಅಧ್ಯಾಯದ ಗೆರೆ ಮೋಶೆ ಹಾಕಿದ್ದಲ್ಲ, ನಮ್ಮ ಬೈಬಲ್‌ಗಳಿಗೆ ಅದು ಬಂದಿದ್ದು 13ನೇ ಶತಮಾನದಲ್ಲಿ, ಹಾಗಾಗಿ ಏಳನೇ ದಿನ ಪಾಪ ಎರಡನೇ ಅಧ್ಯಾಯಕ್ಕೆ ಹೋಗ್ಬಿಟ್ಟಿದೆ. 2:3ರವರೆಗೆ ಓದ್ಲಿ. ಆರು ದಿನಕ್ಕೂ ಕೊನೇಲಿ ಸಾಯಂಕಾಲವೂ ಪ್ರಾತಃಕಾಲವೂ ಆಯ್ತು ಅಂತ ಬರುತ್ತೆ, ಏಳನೇ ದಿನಕ್ಕೆ ಮಾತ್ರ ಬರಲ್ಲ. ಅಗಸ್ಟೀನ್ ಅದನ್ನ ಗಮನಿಸಿದ್ರು, ಇಬ್ರಿಯರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯ ದೇವರ ಆ ವಿಶ್ರಾಂತಿ ಒಳಗೆ ಸೇರೋಕೆ ಇನ್ನೂ ಅವಕಾಶ ಇದೆ ಅನ್ನುತ್ತೆ. ನಿಮ್ಮ ಮಗ ಅದನ್ನ ತಾನಾಗೇ ಗಮನಿಸ್ತಾನಾ ನೋಡಿ. ಗಮನಿಸಿ ಇನ್ನೊಂದು ಪ್ರಶ್ನೆ ಕೇಳಿದ್ರೆ ಅವನ ಕೈಲೇ ಬರೆಸಿ ನಂಗೆ ಕಳ್ಸಿ.

ಸಂಪಾದಕ